ಷಟ್‌ಸ್ಥಲವೂ ವಯಸ್ಸಿನ ಮೆಟ್ಟಿಲೂ

ಬೆಳಗಾವಿಯಲ್ಲಿ ಜರುಗಿದ ಒಂದು ವಿಚಾರಗೋಷ್ಠಿಯಲ್ಲಿ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಯೊಬ್ಬನು ‘ಷಟ್‌ಸ್ಥಲ ಮತ್ತು ಮನೋವಿಕಾಸ’ ಎಂಬ ಪ್ರಬಂಧವನ್ನು ಓದಿದನು. ಓದುವುದಕ್ಕೆ ಮೊದಲು ಕರಿಹಲಗೆಯ ಮೇಲೆ ಒಂದು ಕೋಷ್ಟಕವನ್ನು ಬರೆದಿದ್ದನು. ಎಡಗಡೆಗೆ ಮನುಷ್ಯನ ವಯೋಮಾನ, ಬಲಗಡೆಗೆ ಸ್ಥಲ. ಗರ್ಭಾವಸ್ಥೆಗೆ ಪಿಂಡಸ್ಥಲ, ಶೈಶವಕ್ಕೆ ಭಕ್ತಸ್ಥಲ, ಬಾಲ್ಯಕ್ಕೆ ಮಾಹೇಶ, ಕೌಮಾರಕ್ಕೆ ಪ್ರಸಾದಿ, ಯೌವನಕ್ಕೆ ಪ್ರಾಣಲಿಂಗಿ, ಪ್ರೌಢವಯಸ್ಸಿಗೆ ಶರಣ, ಮುಪ್ಪಿಗೆ ಐಕ್ಯ. ಪಶ್ಚಿಮದ ಮನೋವಿಜ್ಞಾನಿಗಳು ಇಪ್ಪತ್ತನೆಯ ಶತಮಾನದಲ್ಲಿ ಕಂಡುಕೊಂಡುದನ್ನು ನಮ್ಮ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದ್ದರೆಂಬುದು ಪ್ರಬಂಧದ ಮುಖ್ಯ ಪ್ರತಿಪಾದನೆ. ಸಭೆ ಚಪ್ಪಾಳೆ ತಟ್ಟಿತು. ಹುಡುಗನು ಬುದ್ಧಿವಂತನು, ಓದಿಕೊಂಡವನು, ವಿನಯವುಳ್ಳವನು. ಆದುದರಿಂದಲೇ ಅವನ ತಪ್ಪು ವಿಚಾರಾರ್ಹವಾಗಿದೆ.

ಗೋಷ್ಠಿ ಮುಗಿದ ಮೇಲೆ ಖಾನಾಪುರದಿಂದ ಬಂದಿದ್ದ ವಯೋವೃದ್ಧರೊಬ್ಬರು ನನ್ನ ಬಳಿಗೆ ಬಂದರು. ಸರಕಾರಿ ಚಾಕರಿಯಿಂದ ನಿವೃತ್ತರಾದ ಮೇಲೆಯೇ ಲಿಂಗಪೂಜೆಯನ್ನು ನಿಯಮದಿಂದ ಹಿಡಿದವರು. “ಸರ್, ನನಗೀಗ ಎಪ್ಪತ್ತೆರಡು. ಈ ಹುಡುಗನ ಲೆಕ್ಕದ ಪ್ರಕಾರ ನಾನು ಐಕ್ಯಸ್ಥಲದಾಗ ಇರಬೇಕಲ್ಲರೀ? ಮುಂಜಾನೆ ಲಿಂಗ ಅಂಗೈಯಾಗ ಹಿಡದರ ಮನಸ್ಸು ಐದು ನಿಮಿಷ ನಿಲ್ಲೂದಿಲ್ಲ” ಎಂದರು. ನಗುತ್ತಲೇ ಕೇಳಿದರು, ಆದರೆ ಆ ನಗೆಯ ಕೆಳಗೆ ಬೇರೆ ಏನೋ ಇದ್ದಿತು. ನಾನು ಆಗ ಏನೋ ಸಮಾಧಾನದ ಮಾತನ್ನಾಡಿ ಕಳಿಸಿದೆನು. ಆ ಉತ್ತರ ನನಗೇ ಸಾಲದಾಯಿತು. ಈ ಲೇಖನ ಅವರ ಪ್ರಶ್ನೆಯಿಂದ ಹುಟ್ಟಿದುದು.

ಮೊದಲು ಮನೋವಿಜ್ಞಾನದ ಕಡೆಯ ಮಾತು. ಮನುಷ್ಯನ ಮನಸ್ಸು ಬಾಲ್ಯದಲ್ಲಿಯೇ ರೂಪುಗೊಂಡು ಮುಗಿಯುವುದಿಲ್ಲ, ಸಾಯುವವರೆಗೂ ಅದು ಬೆಳೆಯುತ್ತಲೋ ಕುಗ್ಗುತ್ತಲೋ ಇರುತ್ತದೆ ಎಂಬ ವಿಚಾರವನ್ನು ವ್ಯವಸ್ಥಿತವಾಗಿ ಮುಂದಿಟ್ಟವರಲ್ಲಿ ಎರಿಕ್ ಎರಿಕ್‌ಸನ್ ಪ್ರಮುಖರು. 1950ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಜೀವಿತವನ್ನು ಎಂಟು ಅವಸ್ಥೆಗಳಾಗಿ ವಿಭಾಗಿಸಿದರು. ಪ್ರತಿಯೊಂದು ಅವಸ್ಥೆಗೂ ಒಂದೊಂದು ಸಂಘರ್ಷ: ಹಸುಗೂಸಿಗೆ ವಿಶ್ವಾಸ–ಅವಿಶ್ವಾಸಗಳ ಸಂಘರ್ಷ, ಹರೆಯದವನಿಗೆ ‘ನಾನು ಯಾರು’ ಎಂಬ ತನ್ನತನದ ಪ್ರಶ್ನೆ, ನಡುವಯಸ್ಸಿನವನಿಗೆ ಮುಂದಿನ ಪೀಳಿಗೆಯ ಚಿಂತೆ, ವೃದ್ಧನಿಗೆ ಬಾಳಿದ ಬಾಳನ್ನು ತನ್ನದೆಂದು ಒಪ್ಪಿಕೊಳ್ಳುವ ಸಮಾಧಾನ ಅಥವಾ ಹತಾಶೆ. ಇದು ಹಗುರವಾದ ವಿಚಾರವಲ್ಲ. ನಮ್ಮ ದೇಶದ ಸುಧೀರ ಕಾಕರರು, ಎರಿಕ್‌ಸನ್‌ರ ಒಡನಾಟದಲ್ಲಿ ಬೆಳೆದ ಮನೋವಿಶ್ಲೇಷಕರು, 1978ರಲ್ಲಿ ಪ್ರಕಟಿಸಿದ ‘ದಿ ಇನ್ನರ್ ವರ್ಲ್ಡ್’ ಎಂಬ ಗ್ರಂಥದಲ್ಲಿ ಈ ಎಂಟು ಅವಸ್ಥೆಗಳನ್ನು ಬ್ರಹ್ಮಚರ್ಯಾದಿ ಚತುರಾಶ್ರಮಗಳೊಡನೆ ಹೋಲಿಸಿ ತೋರಿಸಿದರು. ಆ ಹೋಲಿಕೆ ಯುಕ್ತವಾಗಿದೆ. ಏಕೆಂದರೆ ಆಶ್ರಮಧರ್ಮವೂ ವಯಸ್ಸನ್ನೇ ಆಧರಿಸಿದ ವ್ಯವಸ್ಥೆ. ಇಂತಿಷ್ಟು ವರ್ಷಕ್ಕೆ ಗುರುಕುಲ, ಇಂತಿಷ್ಟು ವರ್ಷಕ್ಕೆ ಗೃಹಸ್ಥಧರ್ಮ, ಕೂದಲು ನರೆತ ಮೇಲೆ ವನ.

ನಮ್ಮ ವಿದ್ಯಾರ್ಥಿಯು ಮಾಡಿದುದಿಷ್ಟೇ: ಕಾಕರರು ಆಶ್ರಮಗಳನ್ನು ಇಟ್ಟ ಸ್ಥಾನದಲ್ಲಿ ಅವನು ಷಟ್‌ಸ್ಥಲಗಳನ್ನು ಇಟ್ಟನು. ಆದರೆ ಶರಣರು ನಿರಾಕರಿಸಿದುದು ಯಾವುದನ್ನು? ವರ್ಣವನ್ನು ನಿರಾಕರಿಸಿದರೆಂದು ನಾವು ವೇದಿಕೆಗಳ ಮೇಲಿಂದ ಸಾರುತ್ತೇವೆ. ವರ್ಣದೊಡನೆ ಆಶ್ರಮವನ್ನೂ ನಿರಾಕರಿಸಿದರೆಂಬುದನ್ನು ಮರೆಯುತ್ತೇವೆ. ಬಸವಣ್ಣನವರು ಮಂತ್ರಿಪದವಿಯಲ್ಲಿದ್ದುಕೊಂಡೇ, ಇಬ್ಬರು ಸತಿಯರೊಡನೆ ಸಂಸಾರ ಮಾಡಿಕೊಂಡೇ ಅನುಭಾವಿಗಳಾದರು. ಮಾಚಯ್ಯನವರು ಬಟ್ಟೆ ಒಗೆಯುವುದನ್ನು ಬಿಡಲಿಲ್ಲ. ವನಕ್ಕೆ ಹೋಗಲು ಯಾರೂ ಮುಪ್ಪನ್ನು ಕಾಯಲಿಲ್ಲ. ವಯಸ್ಸಿನ ಏಣಿಯನ್ನು ಮುರಿದವರ ಕೈಗೆ ಮತ್ತೆ ಅದೇ ಏಣಿಯನ್ನು ಕೊಟ್ಟು, ‘ನೋಡಿರಿ, ಇವರೂ ಏಣಿ ಮಾಡಿದ್ದರು’ ಎಂದು ಹೊಗಳಿದಂತಾಯಿತು ಆ ಪ್ರಬಂಧ.

ಕೋಷ್ಟಕದ ಮೊದಲ ಸಾಲನ್ನೇ ಪರೀಕ್ಷಿಸೋಣ. ಗರ್ಭಾವಸ್ಥೆಯೇ ಪಿಂಡಸ್ಥಲವೆಂದು ಅಲ್ಲಿ ಬರೆದಿತ್ತು. ‘ಪಿಂಡ’ವೆಂದೊಡನೆ ಗರ್ಭಸ್ಥ ಶಿಶುವೆಂದು ತಿಳಿಯುವುದು ಲೋಕರೂಢಿ. ಆದರೆ ‘ಸಿದ್ಧಾಂತಶಿಖಾಮಣಿ’ಯು ಭಕ್ತಸ್ಥಲದ ಹದಿನೈದು ಒಳಭೇದಗಳಲ್ಲಿ ಮೊದಲನೆಯದಾಗಿ ಪಿಂಡಸ್ಥಲವನ್ನು ಹೇಳುವಾಗ ಆ ಶಬ್ದಕ್ಕೆ ಕೊಡುವ ಅರ್ಥ ಸಂಪೂರ್ಣ ಬೇರೆ. ಅನೇಕ ಜನ್ಮಗಳ ಪುಣ್ಯವಿಶೇಷದಿಂದ ಪಾಪವು ಕ್ಷೀಣಿಸಿ, ಅಂತಃಕರಣ ಶುದ್ಧವಾದ ದೇಹಿಯೇ ಅಲ್ಲಿ ಪಿಂಡನು. ಅಂದರೆ ತಾಯ ಗರ್ಭದಲ್ಲಿ ಏನನ್ನೂ ಅರಿಯದೆ ಇರುವ ಮೊಳಕೆಯನ್ನು ಕುರಿತು ಅಲ್ಲಿ ಹೇಳಿಲ್ಲ. ಬಹುದೂರ ನಡೆದು ಬಂದು ಹೊಸ್ತಿಲ ಬಳಿ ನಿಂತವನನ್ನು ಕುರಿತು ಹೇಳಿದೆ. ಅದರ ಮುಂದಿನದು ಪಿಂಡಜ್ಞಾನ, ಅದರ ಮುಂದಿನದು ಸಂಸಾರಹೇಯ, ಬಳಿಕ ಗುರುಕಾರುಣ್ಯ, ಆಮೇಲೆ ಲಿಂಗಧಾರಣ. ಸಂಸಾರವನ್ನು ಹೇಯವೆಂದು ಬಗೆಯಬೇಕಾದರೆ ಸಂಸಾರದ ರುಚಿಯನ್ನು ಸ್ವಲ್ಪವಾದರೂ ಕಂಡಿರಬೇಕಷ್ಟೆ. ತೊಟ್ಟಿಲಲ್ಲಿ ಮಲಗಿದ ಕೂಸಿಗೆ ಅದು ಹೇಗೆ ಸಾಧ್ಯ? ಒಂದೇ ಶಬ್ದದ ರೂಢಾರ್ಥವನ್ನು ಹಿಡಿದು ಶಾಸ್ತ್ರಾರ್ಥವನ್ನು ನಿರ್ಣಯಿಸಿದುದರಿಂದ ಇಡೀ ಕೋಷ್ಟಕ ತಪ್ಪಿನ ಮೇಲೆ ನಿಂತಿತು.

ಹಾಗಾದರೆ ಗರ್ಭಸ್ಥ ಶಿಶುವಿನ ವಿಷಯದಲ್ಲಿ ನಮ್ಮ ಸಂಪ್ರದಾಯಕ್ಕೆ ಹೇಳಲು ಏನೂ ಇಲ್ಲವೆ? ಇದೆ, ಆದರೆ ಅದು ಷಟ್‌ಸ್ಥಲದಲ್ಲಿಲ್ಲ, ಆಚಾರದಲ್ಲಿದೆ. ಬಸುರಿಗೆ ಎಂಟನೆಯ ತಿಂಗಳು ತುಂಬುವಾಗ ಗುರುವು ಬಂದು ಹುಟ್ಟಲಿರುವ ಕೂಸಿನ ಸಲುವಾಗಿ ತಾಯಿಗೆ ಲಿಂಗವನ್ನು ಕಟ್ಟುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಉಂಟು. ಹೆರಿಗೆಯಾದ ಬಳಿಕ ಆ ಲಿಂಗ ಕೂಸಿನದಾಗುತ್ತದೆ. ಕುಬುಸದ ಸಡಗರ ಹಾಡು-ಆರತಿಗಳಿಂದ ಕೂಡಿದುದಾದರೆ ಇದು ಸದ್ದಿಲ್ಲದ ಕ್ರಿಯೆ. ಬಸವಣ್ಣನವರ ಜನ್ಮಕಥೆಯಲ್ಲಿಯೂ ಇದರ ಛಾಯೆಯಿದೆ. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿಯೂ ಅವನನ್ನು ಅನುಸರಿಸಿ ಭೀಮಕವಿಯು 1369ರಲ್ಲಿ ಕನ್ನಡದಲ್ಲಿಯೂ ರಚಿಸಿದ ಬಸವಪುರಾಣಗಳಲ್ಲಿ ಶಿಶುವು ಮೂರು ವರ್ಷ ತಾಯ ಬಸಿರಲ್ಲಿಯೇ ಇರುತ್ತದೆ. ಹುಟ್ಟಿದೊಡನೆ ಸಂಗಮೇಶ್ವರನೇ ತಪಸ್ವಿಯ ವೇಷದಲ್ಲಿ ಬಂದು ಲಿಂಗವನ್ನು ಕಟ್ಟುತ್ತಾನೆ.

ಈಗ ಈ ಆಚಾರಕ್ಕೆ ವಿಜ್ಞಾನದ ಮುದ್ರೆಯೊತ್ತುವ ಉತ್ಸಾಹ ಹೆಚ್ಚಾಗಿದೆ. ಗರ್ಭಸ್ಥ ಶಿಶುವಿಗೆ ಆರನೆಯ ತಿಂಗಳ ಸುಮಾರಿಗೆ ಕಿವಿ ಕೇಳಿಸತೊಡಗುವುದು ನಿಜ. 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ವಿಜ್ಞಾನಿಗಳು ಹುಟ್ಟಿ ಒಂದೆರಡು ದಿನಗಳಾದ ಕೂಸುಗಳು ಪರಸ್ತ್ರೀಯ ಧ್ವನಿಗಿಂತ ತಾಯಿಯ ಧ್ವನಿಯನ್ನೇ ಬಯಸುತ್ತವೆಂದು ತೋರಿಸಿದರು. ಗರ್ಭಿಣಿಯು ಕೊನೆಯ ವಾರಗಳಲ್ಲಿ ಮತ್ತೆ ಮತ್ತೆ ಗಟ್ಟಿಯಾಗಿ ಓದಿದ ಒಂದು ಕಥೆಯ ಲಯವನ್ನು ಕೂಸು ಗುರುತಿಸುತ್ತದೆಂಬುದು 1986ರ ಪ್ರಯೋಗದಿಂದ ತಿಳಿಯಿತು. 1988ರಲ್ಲಿ ಫ್ರಾನ್ಸಿನಲ್ಲಿ ನಡೆದ ಇನ್ನೊಂದು ಅಧ್ಯಯನ ನಾಲ್ಕು ದಿನದ ಕೂಸು ತಾಯ್ನುಡಿಯನ್ನು ಪರನುಡಿಯಿಂದ ಬೇರ್ಪಡಿಸಬಲ್ಲದೆಂದು ಹೇಳಿತು. ತಾಯಿ ಕನ್ನಡವನ್ನೂ ನೆರೆಮನೆ ಮರಾಠಿಯನ್ನೂ ಆಡುವ ನಮ್ಮ ಖಾನಾಪುರದ ಸೀಮೆಯಲ್ಲಿ ಹುಟ್ಟುವ ಕೂಸುಗಳು ಏನೇನು ಕೇಳಿಸಿಕೊಂಡು ಹುಟ್ಟುತ್ತವೆಯೋ ಎಂಬ ಕುತೂಹಲ ನನಗೆ ಆಗಾಗ ಉಂಟಾಗುತ್ತದೆ. ಇರಲಿ. ಈ ಪ್ರಯೋಗಗಳು ಹೇಳುವುದು ಧ್ವನಿಯ ಪರಿಚಯವನ್ನು ಮಾತ್ರ. ಮಂತ್ರವನ್ನು ಕೇಳಿಸಿದರೆ ಕೂಸು ಜ್ಞಾನಿಯಾಗಿ ಹುಟ್ಟುವುದೆಂದು ಅವು ಎಲ್ಲಿಯೂ ಹೇಳುವುದಿಲ್ಲ. ಆದರೂ ನಗರಗಳಲ್ಲಿ ಗರ್ಭಸಂಸ್ಕಾರದ ಹೆಸರಿನಿಂದ ಶುಲ್ಕ ಪಡೆದು ನಡೆಸುವ ತರಗತಿಗಳು ಅಂತಹ ಆಶೆಯನ್ನು ಹುಟ್ಟಿಸುತ್ತವೆ. ‘ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿತ್ತು’ ಎಂದು ನಾವೂ ಅದಕ್ಕೆ ದನಿಗೂಡಿಸಿದರೆ ಆಚಾರವನ್ನು ಹಿರಿದು ಮಾಡಿದಂತಾಗುವುದಿಲ್ಲ. ಅಂಗಡಿಯ ಸರಕನ್ನು ಮಾಡಿದಂತಾಗುತ್ತದೆ.

ಎಂಟನೆಯ ತಿಂಗಳ ಲಿಂಗವು ಶಿಶುವಿನ ಮಿದುಳಿನ ಮೇಲೆ ಏನು ಮಾಡುತ್ತದೆಂದು ಕೇಳುವುದಕ್ಕಿಂತ ಆ ಮನೆಯ ಮೇಲೆ ಏನು ಮಾಡುತ್ತದೆಂದು ಕೇಳುವುದು ಲೇಸು. ಗಂಡೋ ಹೆಣ್ಣೋ ತಿಳಿಯುವ ಮೊದಲೇ ಆ ಕೂಸಿಗೆ ಲಿಂಗ ಬಂದಿತು. ಮಾವನ ಮುಂದೆ, ಅತ್ತೆಯ ಮುಂದೆ, ಗಂಡನ ಮುಂದೆ ಗುರುವು ಅದಕ್ಕೆ ಸ್ಥಾನವನ್ನು ಕೊಟ್ಟನು. ಇನ್ನು ಅದು ಹೆಣ್ಣೆಂದು ತಿಳಿದ ಮೇಲೆ ಕೊಟ್ಟುದನ್ನು ಕಿತ್ತುಕೊಳ್ಳಲು ಬರುವುದಿಲ್ಲ. ಗರ್ಭದಲ್ಲಿ ಲಿಂಗಪತ್ತೆ ಮಾಡುವುದನ್ನು ತಡೆಯಲು ನಮ್ಮ ಸಂಸತ್ತು 1994ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಅದೇ ‘ಲಿಂಗ’ವೆಂಬ ಶಬ್ದ ಎರಡು ಕಡೆಗೂ ಬಳಕೆಯಾಗುವುದನ್ನು ಕಂಡಾಗ ಮನಸ್ಸಿಗೆ ಚುಚ್ಚಿದಂತಾಗುತ್ತದೆ. ಗರ್ಭಲಿಂಗಧಾರಣೆಯನ್ನು ಮಾಡಿಸಿದ ಮನೆಯವರೇ ಇನ್ನೊಂದು ತಪಾಸಣೆಗೂ ಹೋಗಿದ್ದರೆ ಅವರು ಕಟ್ಟಿಸಿದುದು ಏನೆಂದು ಅವರನ್ನೇ ಕೇಳಬೇಕು.

ಇನ್ನು ಹರೆಯದ ಪ್ರಶ್ನೆ. ಇಲ್ಲಿ ನಮ್ಮ ಕಾವ್ಯಗಳೊಳಗೆಯೇ ಒಂದು ಭಿನ್ನಾಭಿಪ್ರಾಯವಿದೆ. ವಿಮರ್ಶಕರು ಅದನ್ನು ಚರಿತ್ರೆಯ ತೊಡಕೆಂದು ಮಾತ್ರ ಕಂಡಿದ್ದಾರೆ. ಬಸವಣ್ಣನವರು ಜನಿವಾರವನ್ನು ತೊರೆದುದು ಯಾವಾಗ? ಬಸವಪುರಾಣದ ಪ್ರಕಾರ ಎಂಟನೆಯ ವರ್ಷಕ್ಕೆ. ಉಪನಯನವನ್ನೇ ಬೇಡವೆಂದು ವಾದಿಸಿ ಹೊರಟರು. ಹರಿಹರನ ‘ಬಸವರಾಜದೇವರ ರಗಳೆ’ಯ ಪ್ರಕಾರ ಹದಿನಾರನೆಯ ವರ್ಷಕ್ಕೆ, ಉಪನಯನವಾಗಿತ್ತು, ತಂದೆತಾಯಿಗಳು ತೀರಿಕೊಂಡಿದ್ದರು, ಅಜ್ಜಿ ಸಾಕಿದ್ದಳು, ಕರ್ಮವೂ ಶಿವಭಕ್ತಿಯೂ ಒಟ್ಟಿಗೆ ಇರಲಾರವೆಂದು ಮನಸ್ಸಿನಲ್ಲಿ ನಿಶ್ಚಯವಾಯಿತು, ಕಿತ್ತು ಹಾಕಿ ಕಪ್ಪಡಿಸಂಗಮಕ್ಕೆ ನಡೆದರು. ಎರಡರಲ್ಲಿ ಯಾವುದು ಇತಿಹಾಸಕ್ಕೆ ಹತ್ತಿರವೆಂಬ ಚರ್ಚೆಗೆ ನಾನು ಹೋಗುವುದಿಲ್ಲ. ಇವು ಎರಡು ಬಗೆಯ ಮನಶ್ಶಾಸ್ತ್ರಗಳೆಂಬುದನ್ನು ಮಾತ್ರ ತೋರಿಸಬಯಸುತ್ತೇನೆ. ಪುರಾಣಕಾರನಿಗೆ ಬಸವಣ್ಣನು ನಂದೀಶ್ವರನ ಅವತಾರ. ಮೂರು ವರ್ಷ ಗರ್ಭದಲ್ಲಿಯೇ ಧ್ಯಾನಸ್ಥನಾದವನಿಗೆ ಬೆಳವಣಿಗೆಯ ಅವಶ್ಯಕತೆಯೇ ಇಲ್ಲ; ಎಂಟು ವರ್ಷಕ್ಕೆ ಅವನು ಹೇಳುವುದು ಮೊದಲೇ ಗೊತ್ತಿದ್ದುದನ್ನು. ಹರಿಹರನ ಬಸವಣ್ಣನಾದರೋ ಕಳೆದುಕೊಂಡವನು, ತಳಮಳಿಸಿದವನು, ಧರಿಸಿದುದನ್ನು ಧರಿಸಿ ನೋಡಿ ಬಿಟ್ಟವನು. ಎರಿಕ್‌ಸನ್‌ರು 1958ರಲ್ಲಿ ಕ್ರೈಸ್ತ ಸುಧಾರಕ ಲೂಥರನ ತಾರುಣ್ಯವನ್ನು ಕುರಿತು ಗ್ರಂಥ ಬರೆದು, ಧಾರ್ಮಿಕ ಕ್ರಾಂತಿಯ ಬೇರು ಹರೆಯದ ತನ್ನತನದ ಸಂಘರ್ಷದಲ್ಲಿದೆ ಎಂದು ವಾದಿಸಿದರು. ಅವರಿಗೆ ಹರಿಹರನ ರಗಳೆ ಸಿಕ್ಕಿದ್ದರೆ ಬಹಳ ಸಂತೋಷಪಡುತ್ತಿದ್ದರು.

ಆದರೂ ಹರಿಹರನನ್ನು ಎರಿಕ್‌ಸನ್‌ರಿಗೆ ಪೂರ್ತಿಯಾಗಿ ಒಪ್ಪಿಸಲು ನನಗೆ ಮನಸ್ಸಿಲ್ಲ. ಹರೆಯದವನು ತನ್ನತನವನ್ನು ಕಂಡುಕೊಂಡು ಸಮಾಜದಲ್ಲಿ ಒಂದು ಸ್ಥಾನವನ್ನು ಪಡೆಯುತ್ತಾನೆ ಎಂಬಲ್ಲಿಗೆ ಮನೋವಿಜ್ಞಾನ ನಿಲ್ಲುತ್ತದೆ. ಶರಣರದು ಅಲ್ಲಿಂದ ಮುಂದಿನ ಹೆಜ್ಜೆ: ಅವರು ತಮ್ಮ ಹುಟ್ಟನ್ನೇ ಬದಲಿಸಿಕೊಂಡರು. ದೀಕ್ಷೆಯಾದವನು ಗುರುವಿನ ಕರದಲ್ಲಿ ಹುಟ್ಟಿದವನು. ಅವನ ಪೂರ್ವಾಶ್ರಯ ಅಳಿಯಿತು. ಬಾಲ್ಯದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡರೆಂದು ಹರಿಹರನು ಹೇಳುವ ಅದೇ ಬಸವಣ್ಣನವರು ತಮ್ಮ ಒಂದು ಪ್ರಸಿದ್ಧ ವಚನದಲ್ಲಿ ಮಾದಾರ ಚೆನ್ನಯ್ಯನವರನ್ನೂ ಡೋಹರ ಕಕ್ಕಯ್ಯನವರನ್ನೂ ಪಿತೃಸ್ಥಾನದಲ್ಲಿರಿಸಿ, ಉಳಿದ ಶರಣರನ್ನು ಬಂಧುಬಳಗವನ್ನಾಗಿ ಮಾಡಿಕೊಳ್ಳುತ್ತಾರೆ. ವಿದ್ವಾಂಸರು ಇದನ್ನು ಸಾಮಾಜಿಕ ಸಮಾನತೆಯ ಘೋಷಣೆಯೆಂದು ವ್ಯಾಖ್ಯಾನಿಸುತ್ತಾರೆ, ಅದು ಸರಿಯೇ. ಆದರೆ ತಬ್ಬಲಿಯಾದ ಮಗನೊಬ್ಬನು ದೊಡ್ಡವನಾದ ಮೇಲೆ ತನ್ನ ತಂದೆಯನ್ನು ತಾನೇ ಆರಿಸಿಕೊಂಡುದನ್ನು ಅದರಲ್ಲಿ ಕಾಣದಿದ್ದರೆ ವಚನದ ಅರ್ಧ ಬಿಸಿ ಆರಿಹೋಗುತ್ತದೆ. ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಎರಿಕ್‌ಸನ್‌ರಿಗೆ ತಮ್ಮನ್ನು ಹಡೆದ ತಂದೆ ಯಾರೆಂದು ತಿಳಿಯದು. ಮಲತಂದೆಯ ಹೋಮ್‌ಬರ್ಗರ್ ಎಂಬ ಹೆಸರಿನಲ್ಲಿ ಬೆಳೆದರು. 1939ರಲ್ಲಿ ಅಮೇರಿಕೆಯ ಪೌರತ್ವವನ್ನು ಪಡೆದಾಗ ‘ಎರಿಕ್‌ಸನ್’, ಅಂದರೆ ಎರಿಕ್‌ನ ಮಗ, ಎಂದು ಹೆಸರಿಟ್ಟುಕೊಂಡರು. ಅವರು ತಮಗೆ ತಾವೇ ತಂದೆಯಾದರು. ಬಸವಣ್ಣನವರು ಚರ್ಮ ಹದಮಾಡುವವನನ್ನು ತಂದೆಯೆಂದರು. ಎರಡೂ ಪುನರ್ಜನ್ಮಗಳೇ, ಆದರೆ ಒಂದರ ದಾರಿ ಒಳಕ್ಕೆ, ಇನ್ನೊಂದರ ದಾರಿ ಬೀದಿಯ ಕೊನೆಯ ಮನೆಗೆ.

ಷಟ್‌ಸ್ಥಲಕ್ಕೂ ವಯಸ್ಸಿಗೂ ಸಂಬಂಧವಿಲ್ಲವೆಂಬುದಕ್ಕೆ ನಮ್ಮ ಸಾಹಿತ್ಯದಲ್ಲಿ ಸಿದ್ಧರಾಮೇಶ್ವರರ ಕಥೆಗಿಂತ ಪ್ರಬಲವಾದ ಪ್ರಮಾಣ ಬೇರೊಂದಿಲ್ಲ. ರಾಘವಾಂಕನು ‘ಸಿದ್ಧರಾಮ ಚಾರಿತ್ರ’ದಲ್ಲಿ ಚಿತ್ರಿಸಿದ ಬಾಲಕನನ್ನು ನೆನೆಯಿರಿ. ಮುದ್ದುಗೌಡ, ಸುಗ್ಗವ್ವೆಯರ ಮಗ. ಉಳಿದ ಮಕ್ಕಳಂತೆ ಆಡಲೊಲ್ಲ, ಮಾತನಾಡಲೊಲ್ಲ. ಮಂದಬುದ್ಧಿಯವನೆಂದು ತಂದೆತಾಯಿಗಳ ಚಿಂತೆ. ಹೊಲದಲ್ಲಿರುವಾಗ ಜಂಗಮನೊಬ್ಬನು ಬರುತ್ತಾನೆ, ಮಲ್ಲಯ್ಯನೆನ್ನುತ್ತಾನೆ, ತೆನೆಯನ್ನು ಬೇಡಿ ತಿನ್ನುತ್ತಾನೆ, ಹೊಟ್ಟೆಯುರಿಗೆ ತಂಪಾದುದನ್ನು ತಾ ಎನ್ನುತ್ತಾನೆ. ಹುಡುಗನು ಮನೆಗೆ ಓಡಿ ತರುವಷ್ಟರಲ್ಲಿ ಮಲ್ಲಯ್ಯನಿಲ್ಲ. ಅಲ್ಲಿಂದ ಮುಂದೆ ಆ ಹುಡುಗನ ಅಳು, ಕೂಗು, ಕಂಡಕಂಡವರನ್ನು ಕೇಳುವಿಕೆ! ಶ್ರೀಶೈಲಕ್ಕೆ ಹೋಗುವ ಪರಿಷೆಯ ಬೆನ್ನು ಹತ್ತುತ್ತಾನೆ. ಗುಡಿಯಲ್ಲಿ ಲಿಂಗವನ್ನು ತೋರಿಸಿದರೆ ‘ಇದು ನನ್ನ ಮಲ್ಲಯ್ಯನಲ್ಲ’ವೆಂದು ಹಟ ಹಿಡಿಯುತ್ತಾನೆ. ಕೊನೆಗೆ ಕಮರಿಯ ಅಂಚಿಗೆ ಬಂದು ನಿಲ್ಲುತ್ತಾನೆ. ಬೋಲ್ಬಿ ಎಂಬ ಆಂಗ್ಲ ಮನೋವೈದ್ಯರು 1969ರಿಂದ ಮುಂದೆ ಸಂಪುಟಗಟ್ಟಲೆ ಬರೆದು ವಿವರಿಸಿದ ಅಗಲಿಕೆಯ ಲಕ್ಷಣಗಳು, ಪ್ರತಿಭಟನೆ, ಹುಡುಕಾಟ, ನಿರಾಶೆ, ಈ ಷಟ್ಪದಿಗಳಲ್ಲಿ ಜೀವಂತವಾಗಿವೆ. ರಾಘವಾಂಕನು ಶಾಸ್ತ್ರವನ್ನು ಬರೆಯಲು ಕುಳಿತವನಲ್ಲ. ಅಳುವ ಕೂಸನ್ನು ಕಣ್ಣಾರೆ ಕಂಡವನು. ಈ ಭಾಗದಲ್ಲಿ ಅವನಿಗೆ ಸಮಾನನಾದ ಶಿಶುಹೃದಯಜ್ಞನು ಹಳೆಯ ಕನ್ನಡ ಕವಿಗಳಲ್ಲಿ ಇಲ್ಲವೆಂದೇ ನನ್ನ ಮತ.

ಆ ಬಾಲಕನು ಬೆಳೆದು ಸೊನ್ನಲಿಗೆಯಲ್ಲಿ ಗುಡಿಗಳನ್ನು ಕಟ್ಟಿಸಿದನು, ಕೆರೆಯನ್ನು ತೋಡಿಸಿದನು, ಸಾವಿರಾರು ಜನರಿಗೆ ಆಶ್ರಯನಾದನು. ಎರಿಕ್‌ಸನ್‌ರ ಏಳನೆಯ ಅವಸ್ಥೆ, ಮುಂದಿನವರಿಗಾಗಿ ಬಾಳುವ ಅವಸ್ಥೆ, ಇದಕ್ಕಿಂತ ಪೂರ್ಣವಾಗಿ ಸಿದ್ಧಿಸುವುದುಂಟೆ? ಇಂತಹವನ ಕೆರೆಯ ಕೆಲಸದ ನಡುವೆ ಅಲ್ಲಮಪ್ರಭು ಬಂದು, ಮಣ್ಣು ಕಲ್ಲಿನ ಈ ಉದ್ಯೋಗವನ್ನು ಹಳಿಯುತ್ತಾರೆ. ಕೆಲಸಗಾರರು ಕಲ್ಲೆಸೆಯುತ್ತಾರೆ. ಸಿದ್ಧರಾಮರು ಕೋಪಗೊಳ್ಳುತ್ತಾರೆ. ಆಮೇಲೆ ಕಲ್ಯಾಣಕ್ಕೆ ಬರುತ್ತಾರೆ. ಅಲ್ಲಿ ಇಷ್ಟಲಿಂಗವಿಲ್ಲದವನೆಂಬ ಚರ್ಚೆ ನಡೆದು ದೀಕ್ಷೆಯಾಗುತ್ತದೆ. ದೀಕ್ಷೆಯನ್ನು ಕೊಡುವವರು ಯಾರು? ಚೆನ್ನಬಸವಣ್ಣನವರು, ಇನ್ನೂ ಎಳೆಯ ವಯಸ್ಸಿನವರು. ಮೊದಲ ಶೂನ್ಯಸಂಪಾದನಕಾರನಾದ ಶಿವಗಣಪ್ರಸಾದಿ ಮಹದೇವಯ್ಯನಲ್ಲಿ ಈ ದೀಕ್ಷಾಪ್ರಸಂಗವಿಲ್ಲ. ಅನಂತರದ ಸಂಪಾದನಕಾರರು ಅದನ್ನು ಸೇರಿಸಿದರು. ಇಷ್ಟಲಿಂಗದ ಅನಿವಾರ್ಯತೆಯನ್ನು ಸ್ಥಾಪಿಸುವುದು ಅವರ ಉದ್ದೇಶವೆಂದು ವಿದ್ವಾಂಸರು ಹೇಳುತ್ತಾರೆ. ಅದು ಇರಲಿ. ಸೇರಿಸಿದ ಮೇಲೆ ಆ ದೃಶ್ಯವು ಹೇಳುವುದು ಇನ್ನೂ ಒಂದಿದೆ. ನಾಡೇ ಹೊಗಳುವ ಪ್ರೌಢನು ಭಕ್ತಸ್ಥಲದ ಹೊಸ್ತಿಲಲ್ಲಿ ನಿಂತಿದ್ದಾನೆ. ಷಟ್‌ಸ್ಥಲ ಚಕ್ರವರ್ತಿಯೆನಿಸಿದ ತರುಣನು ಅವನ ಕೈಗೆ ಲಿಂಗವನ್ನು ಕೊಡುತ್ತಿದ್ದಾನೆ. ವಿದ್ಯಾರ್ಥಿಯ ಕೋಷ್ಟಕದಲ್ಲಿ ಈ ಇಬ್ಬರನ್ನು ಎಲ್ಲಿ ಕುಳ್ಳಿರಿಸುವುದು?

ಅಲ್ಲಮಪ್ರಭುಗಳ ವಿಷಯದಲ್ಲಿಯೂ ಇಂತಹುದೇ ದ್ವಂದ್ವವಿದೆ. ಹರಿಹರನ ಅಲ್ಲಮನು ಕಮಲತೆಯನ್ನು ಪ್ರೀತಿಸಿ, ಅವಳ ಸಾವಿನಿಂದ ಹುಚ್ಚನಂತಾಗಿ ಅಲೆದು, ಭೂಮಿಯಲ್ಲಿ ಹುದುಗಿದ ಕಳಸವನ್ನು ಕೆದಕಿ ಅನಿಮಿಷಯೋಗಿಯನ್ನು ಕಂಡವನು. ಚಾಮರಸನ ‘ಪ್ರಭುಲಿಂಗಲೀಲೆ’ಯ ಅಲ್ಲಮನಿಗೆ ಮಾಯೆಯ ಸೋಂಕೇ ಇಲ್ಲ. ಭಕ್ತರಿಗೆ ಚಾಮರಸನು ಪ್ರಿಯನು, ಇರಬೇಕಾದುದೇ. ಆದರೆ ದುಃಖದಿಂದ ಅರಿವಿಗೆ ಹೋಗುವ ದಾರಿಯೊಂದನ್ನು ಅವನು ಮುಚ್ಚಿದನೆಂಬ ಕೊರಗು ನನಗಿದೆ.

ಕೋಷ್ಟಕದ ಪರವಾಗಿ ಒಂದು ಆಕ್ಷೇಪವನ್ನು ಎತ್ತಬಹುದು. ಬಸವಣ್ಣನವರ ವಚನಗಳೇ ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಕ್ರಮವಾಗಿ ಸಿಗುತ್ತವಲ್ಲ. ಅವು ಅವರ ಜೀವನದ ಕ್ರಮವಲ್ಲವೆ? ಅಲ್ಲ. ಆ ಕ್ರಮ ವಚನಕಾರರದಲ್ಲ, ಸಂಕಲನಕಾರರದು. ವಚನಗಳು ಹುಟ್ಟಿದ ದಿನ ತಿಥಿಗಳನ್ನು ಯಾರೂ ಬರೆದಿಡಲಿಲ್ಲ. ನಂತರದ ಶತಮಾನಗಳಲ್ಲಿ ಓಲೆಗರಿಗಳನ್ನು ಕೂಡಿಸಿದವರು ಸಿದ್ಧಾಂತಕ್ಕೆ ಅನುಗುಣವಾಗಿ ಸ್ಥಲಕಟ್ಟನ್ನು ಹಾಕಿದರು. ನಮ್ಮ ಬೆಳಗಾವಿಗೆ ಈ ವಿಷಯದಲ್ಲಿ ಎರಡು ಕಾರಣಗಳಿಂದ ಹೆಮ್ಮೆಯೂ ಹೊಣೆಯೂ ಉಂಟು. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿ ಅಚ್ಚಾದುದು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ. 1916ರಲ್ಲಿ ಇಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಏಳು ಜನ ಶಿಕ್ಷಕರಲ್ಲಿ ಒಬ್ಬರಾದ ಶಿ. ಶಿ. ಬಸವನಾಳರೇ ಬಸವಣ್ಣನವರ ಷಟ್‌ಸ್ಥಲದ ವಚನಗಳನ್ನು ಸಂಪಾದಿಸಿದವರು. ಆ ಸಂಪಾ‌ದನೆಯನ್ನು ತೆರೆದು ನೋಡಿದರೆ ವಚನಗಳ ಬಹುಪಾಲು ಭಕ್ತಸ್ಥಲದಲ್ಲಿಯೇ ಇವೆ. ಕೋಷ್ಟಕದಂತೆ ಓದಿದರೆ ಬಸವಣ್ಣನವರು ತಮ್ಮ ಬಾಳಿನ ಬಹುಭಾಗವನ್ನು ಶೈಶವದಲ್ಲಿ ಕಳೆದರೆನ್ನಬೇಕಾಗುತ್ತದೆ! ಭಕ್ತನಲ್ಲಿ ಭಕ್ತ, ಭಕ್ತನಲ್ಲಿ ಮಾಹೇಶ, ಹೀಗೆ ಭಕ್ತನಲ್ಲಿ ಐಕ್ಯನವರೆಗೆ ಒಂದೊಂದು ಸ್ಥಲದಲ್ಲಿಯೂ ಆರನ್ನು ಕಾಣುವ ಪದ್ಧತಿ ನಮ್ಮಲ್ಲಿದೆಯಷ್ಟೆ. ಮೆಟ್ಟಿಲಾಗಿದ್ದರೆ ಕೆಳಗಿನ ಮೆಟ್ಟಿಲಿನೊಳಗೆ ಮೇಲಿನದು ಹೇಗೆ ಅಡಗಿತು?

ಇಷ್ಟು ಹೇಳಿದ ಮೇಲೆ ಮನೋವಿಜ್ಞಾನವನ್ನು ದೂರವಿಡಬೇಕೆಂದು ನಾನು ವಾದಿಸುವವನಲ್ಲ. ಭಕ್ತಸ್ಥಲದ ಶ್ರದ್ಧೆಗೂ ಎರಿಕ್‌ಸನ್‌ರ ಮೂಲ ವಿಶ್ವಾಸಕ್ಕೂ ಹೋಲಿಕೆ ಕಾಣುವುದರಲ್ಲಿ ತಥ್ಯವಿದೆ. ಕೂಸಿಗೆ ವಿಶ್ವಾಸವನ್ನು ತಾಯಿ ಕೊಡುತ್ತಾಳೆ, ಭಕ್ತನು ಶ್ರದ್ಧೆಯನ್ನು ತಿಳಿದು ತಾನೇ ಕೊಡುತ್ತಾನೆ ಎಂಬ ಭೇದವನ್ನು ಮರೆಯದಿದ್ದರೆ ಸಾಕು. ವ್ಯಕ್ತಿಗಳ ಚರಿತ್ರೆಯನ್ನು ಅರಿಯಲು ಈ ಶಾಸ್ತ್ರ ಬಹಳ ಉಪಯುಕ್ತ. ಶಿರಸಂಗಿಯ ಲಿಂಗರಾಜ ದೇಸಾಯಿಯವರು ದತ್ತಕರಾಗಿ ದೇಸಗತಿಗೆ ಬಂದವರು. 1904ರಲ್ಲಿ ಧಾರವಾಡದಲ್ಲಿ ನೆರೆದ ಅಖಿಲ ಭಾರತ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನದ ಅಧ್ಯಕ್ಷರು. 1906ರಲ್ಲಿ ನಲವತ್ತೈದರ ವಯಸ್ಸಿಗೆ ತೀರಿಕೊಂಡಾಗ ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬಿಟ್ಟಿದ್ದರು. ಬೆಳಗಾವಿಯ ಲಿಂಗರಾಜ ಮಹಾವಿದ್ಯಾಲಯಕ್ಕೆ ಅವರ ಹೆಸರು ಬಂದುದು ಇದರಿಂದಲೇ. ದತ್ತಕನಾಗಿ ಬಂದವನು ಕಂಡರಿಯದ ಸಾವಿರಾರು ಮಕ್ಕಳನ್ನು ದತ್ತಕ ತೆಗೆದುಕೊಂಡುದರ ಒಳಮರ್ಮವನ್ನು ಮನೋವಿಜ್ಞಾನದ ವಿದ್ಯಾರ್ಥಿಯೊಬ್ಬನು ಅಭ್ಯಾಸ ಮಾಡಲಿ. ಅದು ಕೋಷ್ಟಕಕ್ಕಿಂತ ಹೆಚ್ಚು ಫಲಕಾರಿ.

ಮುಪ್ಪಿನ ವಿಷಯದಲ್ಲಿ ಎರಿಕ್‌ಸನ್‌ರ ಪತ್ನಿ ಜೋನ್ ಎರಿಕ್‌ಸನ್‌ರು ಮಾಡಿದ ತಿದ್ದುಪಡಿಯೊಂದನ್ನು ನಮ್ಮ ಲೇಖಕರು ಅಷ್ಟಾಗಿ ಗಮನಿಸಿಲ್ಲ. ಪತಿಯು 1994ರಲ್ಲಿ ತೀರಿಕೊಂಡ ಮೇಲೆ, ತೊಂಬತ್ತು ದಾಟಿದ ಆಕೆ ಎಂಟು ಅವಸ್ಥೆಗಳು ಸಾಲವೆಂದು ಕಂಡುಕೊಂಡರು. 1997ರಲ್ಲಿ ಹೊರಬಂದ ವಿಸ್ತೃತ ಆವೃತ್ತಿಯಲ್ಲಿ ಒಂಬತ್ತನೆಯದನ್ನು ಸೇರಿಸಿ, ಕಡುಮುಪ್ಪಿನಲ್ಲಿ ಹಿಂದೆ ಗೆದ್ದೆವೆಂದುಕೊಂಡ ಸಂಘರ್ಷಗಳೆಲ್ಲ ಮರಳಿ ಬರುತ್ತವೆಂದು ಬರೆದರು. ಕೈ ನಡುಗುವಾಗ, ಇನ್ನೊಬ್ಬರು ಉಣಿಸಬೇಕಾದಾಗ, ಹಸುಗೂಸಿನ ಪ್ರಶ್ನೆ ಮತ್ತೆ ಎದುರು ನಿಲ್ಲುತ್ತದೆ: ಈ ಕೈಗಳನ್ನು ನಂಬಲೇ? ಮೆಟ್ಟಿಲನ್ನು ಕಟ್ಟಿದವರ ಮನೆಯಲ್ಲಿಯೇ ಮೆಟ್ಟಿಲು ಹೀಗೆ ಬಾಗಿತು. ಮುಪ್ಪು ತಾನಾಗಿ ಯಾರನ್ನೂ ಮೇಲಕ್ಕೆ ಒಯ್ಯುವುದಿಲ್ಲವೆಂಬುದನ್ನು ಬಸವಣ್ಣನವರೂ ಬಲ್ಲರು. ಮುಪ್ಪು ಮುಟ್ಟುವ ಮೊದಲೇ ಪೂಜೆಗೆ ತೊಡಗಬೇಕೆಂದು ಅವಸರಪಡಿಸುವ ಅವರ ವಚನ ಪಾಠಶಾಲೆಯ ಮಕ್ಕಳಿಗೂ ಬಾಯಿಪಾಠ. ಆ ವಚನವನ್ನು ಕೇಳಿ ನಮ್ಮ ಖಾನಾಪುರದ ಹಿರಿಯರಂತಹವರು ‘ತಡವಾಯಿತು’ ಎಂದು ಕುಗ್ಗುತ್ತಾರೆ. ಆದರೆ ಅವಸರಪಡಿಸುವವನ ಮಾತು ಬಾಗಿಲು ಮುಚ್ಚುವವನ ಮಾತಲ್ಲ.

ಕಳೆದ ಮಾಘದಲ್ಲಿ ಅವರ ಆಮಂತ್ರಣದ ಮೇರೆಗೆ ಖಾನಾಪುರಕ್ಕೆ ಹೋಗಿದ್ದೆನು. ಮಲಪ್ರಭೆಯು ಇದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಊರ ಪಕ್ಕದಲ್ಲಿ ಹರಿದು, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವಳು. ಅಲ್ಲಿಂದ ಇಬ್ಬರೂ ಅದೇ ತಾಲೂಕಿನ ಕಕ್ಕೇರಿಗೆ ಹೋದೆವು. ಕಲ್ಯಾಣದ ಕ್ರಾಂತಿಯ ನಂತರ ಶರಣರು ಉಳವಿಯ ಕಡೆಗೆ ಸಾಗುವಾಗ ಡೋಹರ ಕಕ್ಕಯ್ಯನವರು ಇಲ್ಲಿಯೇ ಐಕ್ಯರಾದರೆಂಬುದು ಪರಂಪರೆ. ಊರಿಗೆ ಹೆಸರೂ ಅವರಿಂದಲೇ ಎನ್ನುತ್ತಾರೆ. ಮಾಳವದಿಂದ ಬಂದವರು, ಚರ್ಮದ ಕಾಯಕದವರು, ಹುಟ್ಟನ್ನು ಕಳೆದುಕೊಂಡು ಬಸವಣ್ಣನವರಿಗೆ ತಂದೆಯ ಸ್ಥಾನದಲ್ಲಿ ನಿಂತವರು. ‘ಅಭಿನವ ಮಲ್ಲಿಕಾರ್ಜುನ’ ಅಂಕಿತದ ಅವರ ವಚನಗಳು ನಮಗೆ ಉಳಿದಿರುವುದು ಬೆರಳೆಣಿಕೆಯಷ್ಟು. ಅವರಿಗೆ ಎಷ್ಟು ವಯಸ್ಸಾಗಿದ್ದಾಗ ಗುರುಕಾರುಣ್ಯವಾಯಿತೆಂದು ಯಾವ ಕವಿಯೂ ಹೇಳುವುದಿಲ್ಲ. ಕೇಳಬೇಕೆಂದು ಯಾರಿಗೂ ತೋರಿದಂತಿಲ್ಲ.

ಸಮಾಧಿಯ ಮುಂದೆ ಹಿರಿಯರು ಬಹಳ ಹೊತ್ತು ಕುಳಿತರು. ಎದ್ದು ಬಂದ ಮೇಲೆ “ಆ ಹುಡುಗನ ಕೋಷ್ಟಕದಾಗ ನಾನು ಎಲ್ಲಿ ಅಂತ ಕೇಳಿದ್ದೆನಲ್ಲರೀ” ಎಂದರು. ಅಲ್ಲಿ ತಮಗೆ ಸ್ಥಳವಿಲ್ಲ, ಪಿಂಡಸ್ಥಲವನ್ನು ಇನ್ನೊಮ್ಮೆ ಓದಿ ನೋಡಿರಿ ಎಂದೆನು. ಅವರ ಕನ್ನಡಕದ ಕಾಜು ಒಡೆದಿದ್ದುದರಿಂದ ನಾನೇ ಓದಿ ಹೇಳಬೇಕೆಂದರು. ಪುಸ್ತಕ ಚೀಲದಲ್ಲಿದ್ದಿತು, ಬಸ್ಸು ಬರಲು ಇನ್ನೂ ಮುಕ್ಕಾಲು ತಾಸು ಇದ್ದಿತು. ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು ಮೊದಲಿನಿಂದ ಆರಂಭಿಸಿದೆವು.